ಸುಟ್ಟ ಮಾಂಸವೂ ನನ್ನ ಸೋದರತ್ತೆಯೂ

ನನ್ನ ಸೋದರತ್ತೆಯ ಜೊತೆ ಹೋಟೆಲಿಗೆ ಹೋಗುವುದಕ್ಕಿಂತ ಹುಲಿಯ ಬೋನಿನೊಳಗೆ ಹೋಗಿ ಕೂರುವುದು ಎಷ್ಟೋ ಕ್ಷೇಮ. ಹುಲಿಯಾದರೆ ತಿಂದು ಸುಮ್ಮನಾಗುತ್ತದೆ. "ನಿನ್ನೆ ತಿಂದವನು ಇವನಿಗಿಂತ ಮೆತ್ತಗಿದ್ದ" ಎಂದು ಕಾವಲುಗಾರನನ್ನು ಕರೆದು ಹೇಳುವುದಿಲ್ಲ!

ಅತ್ತೆ ಹೇಳುತ್ತಾರೆ. ಕರೆದು, ಕೂರಿಸಿಕೊಂಡು, ಪಕ್ಕದ ಟೇಬಲಿನವರಿಗೂ ಕೇಳುವಂತೆ ಹೇಳುತ್ತಾರೆ. ಮಂಡ್ಯದ ಕಡೆಯಿಂದ ಮದುವೆಯಾಗಿ ಚೆನ್ನೈಗೆ ಬಂದವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿ ಪಲ್ಲಾವರಂನಲ್ಲಿದ್ದಾರೆ. ಅವರ ಮಾತು ಅರ್ಧ ಮಂಡ್ಯ, ಅರ್ಧ ತಮಿಳು. ಎಲ್ಲಿ ಹೊಲಿಗೆ ಹಾಕಿದ್ದಾರೆಂದು ಅವರಿಗೇ ಗೊತ್ತಿಲ್ಲ. ಎಪ್ಪತ್ತರ ಹತ್ತಿರ ಬಂದಾಗ ಬೇರೆಯವರಿಗೆ ಕಾಶಿ, ರಾಮೇಶ್ವರದ ಆಸೆ ಹುಟ್ಟಿದರೆ ನಮ್ಮ ಅತ್ತೆಗೆ ಹುಟ್ಟಿದ್ದು ಬಾರ್ಬೆಕ್ಯೂ ಆಸೆ. ಕೆಂಡದ ಮೇಲೆ ಸುಟ್ಟ ಕೋಳಿ, ಕುರಿ, ಮೀನು ಎಲ್ಲೇ ಸಿಗಲಿ, ಹೋಗಿ ತಿನ್ನಬೇಕು. ತಿಂದ ಮೇಲೆ ಇನ್ನೊಂದು ಕಡೆಯದಕ್ಕೆ ಹೋಲಿಸಬೇಕು. ಜೊತೆಗೆ ನಾನು ಇರಬೇಕು. ನಾನೋ, ಹೋಟೆಲಿನಲ್ಲಿ ಇನ್ನೊಂದು ಲೋಟ ನೀರು ಕೇಳಲೂ ಅಂಜುವ ಪ್ರಾಣಿ!

ಮೊದಲ ಸಲ ಹೋದದ್ದು ಶೋಳಿಂಗನಲ್ಲೂರಿನಲ್ಲಿ, ನನ್ನ ಆಫೀಸಿನ ಎದುರಿಗೇ ಇರುವ ಹೋಟೆಲಿಗೆ. ಟೇಬಲಿನ ನಡುವೆಯೇ ಕೆಂಡದ ಗುಂಡಿ, ಅದರ ಮೇಲೆ ಕಂಬಿಗೆ ಚುಚ್ಚಿದ ಮಾಂಸ. ಎರಡು ಟೇಬಲಿನಾಚೆ ನಮ್ಮ ಮ್ಯಾನೇಜರು ಸಂಸಾರ ಸಮೇತ ಕೂತಿದ್ದರು. ನಾನು ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದೆ. ಅತ್ತೆ ಒಂದು ತುಂಡು ಬಾಯಿಗಿಟ್ಟು, ಅಗಿದು, ಮತ್ತೂ ಅಗಿದು, ಸಪ್ಲೈಯರನ್ನು ಕೈಸನ್ನೆ ಮಾಡಿ ಕರೆದರು.

"ತಂಬಿ, ಇದು ಆಟ್ಟುಕ್ಕರಿಯಾ, ಅಡುಪ್ಪುಕ್ಕರಿಯಾ?"

ತಮಿಳಿನಲ್ಲಿ ಮಾಂಸವೂ 'ಕರಿ'ಯೇ, ಇದ್ದಿಲೂ 'ಕರಿ'ಯೇ. ಇದು ಕುರಿಯ ಮಾಂಸವೋ, ಒಲೆಯ ಇದ್ದಿಲೋ ಎಂದು ಕೇಳಿದ್ದರು! ಸುತ್ತಲಿನವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಮ್ಯಾನೇಜರು. ಮರುದಿನ ಆಫೀಸಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಾಗ ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರು ಗುಟ್ಟಾಗಿ ಕೇಳಿದ್ದು, "ಅಮ್ಮ ಬೇರೆ ಯಾವ ಹೋಟೆಲ್ ಚೆನ್ನಾಗಿದೆ ಅಂತಾರೆ?"

ಇಷ್ಟಕ್ಕೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಧುರೈಯಲ್ಲಿ ನಮ್ಮವರ ಮದುವೆಯೊಂದು ಬಂತು. ಅತ್ತೆ ಕಾರಿನಲ್ಲೇ ಹೋಗೋಣವೆಂದರು. ನನ್ನ ಹೆಂಡತಿ ಬುದ್ಧಿವಂತೆ, ರೈಲಿಗೆ ಟಿಕೆಟ್ ಮಾಡಿಸಿಕೊಂಡಳು.

ವಿಳುಪ್ಪುರಂ ದಾಟುತ್ತಿದ್ದಂತೆ ಹೆದ್ದಾರಿಯ ಪಕ್ಕ ಹೊಗೆ ಕಾಣಿಸಿತು. "ನಿಲ್ಸ್‌ಲಾ!" ಎಂದು ಅತ್ತೆ ಕೂಗಿದ ರಭಸಕ್ಕೆ, ಯಾರನ್ನೋ ಗುದ್ದಿದೆನೆಂದು ಹೆದರಿ ಬ್ರೇಕ್ ಒತ್ತಿದೆ. ಇಳಿದು, ತಿಂದು, ಅಲ್ಲಿಯ ಮಾಲೀಕನಿಗೆ ಅತ್ತೆ ಹೇಳಿದ್ದೇನು ಗೊತ್ತೇ? "ಶೋಳಿಂಗನಲ್ಲೂರ್‌ದು ಬೆಣ್ಣೆ ಮಾದಿರಿ ಇತ್ತು ಕಣಪ್ಪ. ನೀನು ಒಂದ್ಸಲ ಹೋಗಿ ತಿಂದು ನೋಡ್ಬಾ." ಯಾವುದನ್ನು ಇದ್ದಿಲು ಅಂದಿದ್ದರೋ ಅದೇ ಈಗ ಬೆಣ್ಣೆ! ಆಗ ನನಗೆ ಅತ್ತೆಯ ತಕ್ಕಡಿ ಅರ್ಥವಾಯಿತು. ಬಿಟ್ಟು ಬಂದ ಹೋಟೆಲು ಯಾವಾಗಲೂ ಮೇಲು, ಎದುರಿಗಿರುವುದು ಯಾವಾಗಲೂ ಕೀಳು. ಆ ಮಾಲೀಕನ ಮೀಸೆ ನಡುಗುತ್ತಿತ್ತು. ನಾನು ಕಾರಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದೇ ಊಟ ಮುಗಿಸಿದೆ.

ತಿರುಚಿಯಲ್ಲಿ ಇನ್ನೂ ಘೋರ. ಕೈ ತೊಳೆಯಲು ಹೋದ ಅತ್ತೆ ವಾಪಸು ಬರಲಿಲ್ಲ. ನಲ್ಲಿಯ ಹತ್ತಿರ ಇಲ್ಲ, ಬಾಗಿಲಲ್ಲಿ ಇಲ್ಲ, ಕಾರಿನ ಬಳಿಯೂ ಇಲ್ಲ. ಬಿದ್ದರೇ? ತಲೆ ಸುತ್ತಿತೇ? ಹಿತ್ತಿಲಿಗೆ ಓಡಿದೆ. ಅಲ್ಲಿ ಉರಿಯುವ ಒಲೆಯ ಮುಂದೆ ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ. ಎದುರಿಗೆ ದಢೂತಿ ಮಾಲೀಕ ಕಾದ ಕಂಬಿಯನ್ನು ಮೇಲೆತ್ತಿ ಅಬ್ಬರಿಸುತ್ತಿದ್ದಾನೆ!

"ಅಣ್ಣಾ, ಬಿಟ್ಟುಬಿಡಿ, ವಯಸ್ಸಾದವರು!" ಎಂದು ನಡುವೆ ನುಗ್ಗಿದೆ. ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ.

ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿದರು. "ಅಡ್ಡ ಬರ್ಬೇಡ್ಲಾ! ವಿಳುಪ್ಪುರಂನೋರು ಕಂಬಿ ಹೆಂಗೆ ತಿರುಗಿಸ್ತಾರೆ ಅಂತ ತೋರಿಸ್ತಾವ್ರೆ. ಇವ್ರೂ ಊರೂರು ತಿರುಗಿ ತಿಂದವ್ರೆ. ನಮ್ಮಂಥೋರೇ ಕಣ್ಲಾ!"

ಮಾಲೀಕ ಖುಷಿಯಿಂದ ಒಂದು ಪೊಟ್ಟಣ ಪಕ್ಕೆಲುಬು ಕಟ್ಟಿಕೊಟ್ಟ. ಅದರ ವಾಸನೆ ಮಧುರೈವರೆಗೂ ಕಾರಿನಲ್ಲಿತ್ತು. ಮದುವೆ ಹೇಗಾಯಿತೆಂದು ಕೇಳಬೇಡಿ. ಧಾರೆಯ ಹೊತ್ತಿನಲ್ಲಿ ಅತ್ತೆ ಹುಡುಗನ ತಂದೆಯ ಹತ್ತಿರ ಆ ಊರಿನ ಬಾರ್ಬೆಕ್ಯೂ ಹೋಟೆಲುಗಳ ವಿಚಾರಣೆ ನಡೆಸುತ್ತಿದ್ದರು. ಬೀಗರು ಮುನಿಸಿಕೊಳ್ಳುತ್ತಾರೆಂದು ನಾನು ಕಂಬದ ಮರೆಯಲ್ಲಿ ನಿಂತಿದ್ದೆ.

ಚೆನ್ನೈಗೆ ಮರಳಿದ ಮಧ್ಯಾಹ್ನ ಸೀದಾ ಮನೆಗೆ ಹೋಗಬಾರದೇ? ಕೀಲ್ಪಾಕಿನಲ್ಲಿ ಹೊಸದೊಂದು ಶುರುವಾಗಿದೆಯಂತೆ! ಅಲ್ಲಿ ಕೂತೆವು. ಅತ್ತೆ ಕೋಳಿಕಾಲು ಎತ್ತಿಕೊಂಡು, "ತಿರುಚಿದು ಇದಕ್ಕಿಂತ..." ಎಂದು ಶುರು ಮಾಡಿದರು. ಸಪ್ಲೈಯರ್ ಹುಬ್ಬೇರಿಸಿದ. ನನ್ನ ಎದೆಯ ನಡುವೆ ಏನೋ ಬಿಗಿಯಿತು. ಈ ಸಲ ಅದು ಮರ್ಯಾದೆಯ ಭಯವಾಗಿರಲಿಲ್ಲ. ಬಿಗಿತ ಎಡ ಭುಜಕ್ಕೆ ಏರಿತು, ಅಂಗಿ ಬೆವರಿನಿಂದ ತೊಯ್ದು ಹೋಯಿತು.

"ಅತ್ತೆ, ಎದೆ..." ಅಂದೆ.

ಅತ್ತೆಯ ಕೈಯಿಂದ ಕೋಳಿಕಾಲು ಜಾರಿ ಕೆಂಡದೊಳಗೆ ಬಿತ್ತು. ಅದನ್ನು ಅವರು ನೋಡಲೂ ಇಲ್ಲ. ನನ್ನ ರಟ್ಟೆ ಹಿಡಿದು ಎಬ್ಬಿಸಿ, ರಸ್ತೆಗೆ ಎಳೆದುಕೊಂಡು ಬಂದು, ಓಡುತ್ತಿದ್ದ ಆಟೋದ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟರು. ದಾರಿಯುದ್ದಕ್ಕೂ ಡ್ರೈವರಿಗೆ "ಸೀಕ್ಕಿರಂ ಪೋಪ್ಪಾ, ಬೇಗ, ಬೇಗ" ಎನ್ನುತ್ತಿದ್ದರು. ನನ್ನ ಕೈಯನ್ನು ಹಿಡಿದಿದ್ದ ಅವರ ಕೈ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಕರೆದೊಯ್ದರು, ಅತ್ತೆಯನ್ನು ಹೊರಗೆ ನಿಲ್ಲಿಸಿದರು. ಇಸಿಜಿ ತೆಗೆದರು, ರಕ್ತ ತೆಗೆದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ, ಹೆಂಡತಿಗೆ ಯಾರು ಹೇಳುತ್ತಾರೆ, ಅತ್ತೆಯನ್ನು ಪಲ್ಲಾವರಂಗೆ ಯಾರು ಬಿಡುತ್ತಾರೆ ಎಂದು ಯೋಚಿಸುತ್ತ ಮಲಗಿದ್ದೆ. ಬಹಳ ಹೊತ್ತಿನ ಮೇಲೆ ಡಾಕ್ಟರು ಬಂದರು.

"ಹಾರ್ಟ್ ಚೆನ್ನಾಗಿದೆ. ಇದು ಗ್ಯಾಸು, ಜೊತೆಗೆ ಟೆನ್ಷನ್. ಏನು ತಿಂದಿರಿ?"

ನಾನು ವಿಳುಪ್ಪುರಂನಿಂದ ಶುರು ಮಾಡಿದೆ. ತಿರುಚಿಗೆ ಬರುವಷ್ಟರಲ್ಲಿ ಅವರು ಕೈಯೆತ್ತಿ ಸಾಕು ಅಂದರು.

ಹೊರಗೆ ಬಂದೆ. ಸಂಜೆಯಾಗಿತ್ತು. ವರಾಂಡದ ಬೆಂಚಿನ ತುದಿಯಲ್ಲಿ ಅತ್ತೆ ಕೂತಿದ್ದರು. ಪಕ್ಕದಲ್ಲಿದ್ದ, ಮಗಳ ಹೆರಿಗೆಗೆ ಬಂದಿದ್ದ ಹೆಂಗಸು, ಇವರ ಮುಖ ನೋಡಲಾರದೆ ಕ್ಯಾಂಟೀನಿನಿಂದ ಎಲೆಯಲ್ಲಿ ಏನೋ ತಂದು ಕೈಗಿಟ್ಟಿದ್ದಳು. ಅತ್ತೆ ಬಾಗಿಲನ್ನೇ ನೋಡುತ್ತ ಅದನ್ನು ಸ್ವಲ್ಪ ಸ್ವಲ್ಪವೇ ಬಾಯಿಗಿಡುತ್ತಿದ್ದರು.

"ಏನೂ ಇಲ್ವಂತೆ ಅತ್ತೆ. ಗ್ಯಾಸಂತೆ."

ಅತ್ತೆ ಎಡಗೈಯಿಂದ ನನ್ನ ಬೆನ್ನಿಗೆ ಒಂದು ಗುದ್ದಿ, ಆ ಕೈಯನ್ನು ಅಲ್ಲೇ ಇಟ್ಟುಕೊಂಡರು. ಅವರನ್ನು ಹೇಗಾದರೂ ಮಾತಾಡಿಸಬೇಕಿತ್ತು. ಹತ್ತಿರ ಕೂತು ಕೇಳಿದೆ, "ಪೊಂಗಲ್ ಹೆಂಗಿದೆ ಅತ್ತೆ?"

ಅತ್ತೆ ಕೈಯಲ್ಲಿದ್ದ ಎಲೆಯನ್ನು ಆಗಷ್ಟೇ ಕಂಡವರಂತೆ ನೋಡಿದರು. ಅದು ಅರ್ಧ ಖಾಲಿಯಾಗಿತ್ತು.

"ಇದು ಪೊಂಗಲ್ಲೇನ್ಲಾ?" ಅಂದರು.