ಕಾವಿಗೆ ಕೂತ ಸೀಸೆ

ಎರಡು ಪ್ರೋಟೀನುಗಳನ್ನು ಬೆಸೆಯುವುದರಲ್ಲೇ ವರ್ಷಗಳು ಕಳೆದದ್ದರಿಂದ ಪ್ರಯೋಗಾಲಯದಲ್ಲಿ ಅವನಿಗೆ ಗೋಂದಪ್ಪ ಎಂದೇ ಹೆಸರು. ಮಾವನ ಮನೆಯಲ್ಲಂತೂ "ಅಳಿಯಂದ್ರು ಇನ್ನೂ ಓದ್ತಾನೇ ಇದಾರಾ?" ಎಂದು ಕೇಳದ ನೆಂಟರಿಲ್ಲ. ಇವತ್ತು ಆ ಎರಡೂ ಅಂಟಿಕೊಂಡರೆ ಪಿಎಚ್‌ಡಿ ಪ್ರಬಂಧ ಮುಗಿದಂತೆ. ಆದರೆ ಬೆಸೆಯುವ ಪುಡಿ ಉಳಿದಿದ್ದುದು ಒಂದೇ ಕಂದು ಸೀಸೆಯ ತಳದಲ್ಲಿ, ಚೂರೇ ಚೂರು.

ಆ ಪುಡಿಗೂ ನೀರಿಗೂ ಎಣ್ಣೆ ಸೀಗೆಕಾಯಿ. ಫ್ರೀಜರಿನಿಂದ ತೆಗೆದ ಸೀಸೆಯನ್ನು ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಒಳಗಿಳಿದು ಪುಡಿ ಕೆಡುತ್ತದೆ. "ಚಳಿ ಬಿಡುವ ಮುನ್ನ ಮುಚ್ಚಳ ಮುಟ್ಟಬಾರದು" ಎಂದು ಅವನ ಗೈಡ್ ಮೇಡಂ ಫ್ರೀಜರಿನ ಬಾಗಿಲಿಗೇ ಚೀಟಿ ಅಂಟಿಸಿದ್ದರು.

ಗೋಂದಪ್ಪ ಸೀಸೆಯನ್ನು ಮೇಜಿನ ಮೇಲಿಟ್ಟು, ಕಾವಿಗೆ ಕೂತ ಕೋಳಿಯಂತೆ ಎದುರಿಗೆ ಕೂತ.

"ಬಿಸಿನೀರಲ್ಲಿ ಅದ್ದಿಬಿಡೋ, ಬೇಗ ಆಗುತ್ತೆ," ಎಂದಳು ಪಕ್ಕದ ಮೇಜಿನ ಅಕ್ಕ.

"ಅಕ್ಕಾ, ಕೈ ಮುಗೀತೀನಿ, ದೂರ ಇರು."

"ಸರಿಯಪ್ಪ, ನಂಗ್ಯಾಕೆ? ಎಷ್ಟಿದೆ ಅಂತ ಇಣುಕ್ಲಾ?" ಕೈ ಆಗಲೇ ಮುಚ್ಚಳದ ಮೇಲಿತ್ತು. ಗೋಂದಪ್ಪ ಹದ್ದಿನಂತೆ ಎರಗಿ ಕಸಿದುಕೊಂಡ.

ಮುಖ ತೊಳೆದು ಬರುವಷ್ಟರಲ್ಲಿ ಸೀಸೆ ಮಾಯ! ಏಸಿ ರಿಪೇರಿಗೆ ಬಂದಿದ್ದವನು ಹಲ್ಲು ಕಿರಿದ. "ಔಷಧಿ ಅಲ್ವಾ ಸಾರ್? ಕೆಡದೇ ಇರ್ಲಿ ಅಂತ ತಣ್ಣನೆ ಗಾಳಿಗೆ ಇಟ್ಟೆ."

ಮತ್ತೆ ಮೊದಲಿನಿಂದ. ಈ ಸಲ ಸೀಸೆ ಅಂಗಿಯ ಜೇಬು ಸೇರಿತು. ಗೋಂದಪ್ಪ ಕಾಲು ಸುಟ್ಟ ಬೆಕ್ಕಿನಂತೆ ಶತಪಥ ಹಾಕತೊಡಗಿದ. ಸಿಂಕಿನ ಬಳಿ ಏನೋ ಎತ್ತಿಕೊಳ್ಳಲು ಬಗ್ಗಿದ್ದೇ ತಡ, ಸೀಸೆ ಠಣ್ ಎಂದು ಒಳಗೆ ಬಿತ್ತು. ಒಡೆದಿರಲಿಲ್ಲ, ಮುಚ್ಚಳವೂ ಭದ್ರ. ಹೋದ ಜೀವ ಬಂತು.

ಕೊನೆಗೆ ಚಳಿ ಬಿಟ್ಟ ಸೀಸೆಯನ್ನು ಉಸಿರು ಬಿಗಿಹಿಡಿದು ತೆರೆದ. ಒಳಗೆ ಪುಡಿಯಿರಲಿಲ್ಲ, ತೇವ ಹೊಡೆದ ಸಕ್ಕರೆಯಂತೆ ಒಂದು ಉಂಡೆ ಇತ್ತು.

ಅಷ್ಟರಲ್ಲಿ ಮೇಡಂ ಬಂದರು. "ಪುಡಿ ಸಾಕಾಗುತ್ತೆ ಕಣೋ, ಯೋಚ್ನೆ ಮಾಡ್ಬೇಡ. ನೀನು ಬರೋಕೆ ಮುಂಚೆ ನಾನೇ ನೋಡ್ದೆ. ತಡ್ಕೊಳ್ಳೋಕಾಗ್ಲಿಲ್ಲ, ಫ್ರೀಜರಿಂದ ತೆಗೆದು ಹಾಗೇ ಮುಚ್ಚಳ ಬಿಚ್ಚಿ ಒಂದ್ಸಲ..."

ಅವರ ಕಣ್ಣು ಉಂಡೆಯ ಮೇಲೆ ಬಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಇದೇನೋ ಇದು? ಜೇಬಲ್ಲಿಟ್ಕೊಂಡು ಬೆವರು ಕುಡಿಸಿದೀಯಾ?"

"ಸಿಂಕಿಗೂ ಬೀಳಿಸ್ದ ಮೇಡಂ," ಎಂದಳು ಅಕ್ಕ.

ಗೋಂದಪ್ಪ ಬಾಯಿ ತೆರೆದ. ಅವನ ಪ್ರಬಂಧಕ್ಕೆ ಸಹಿ ಹಾಕಬೇಕಾದ ಪೆನ್ನು ಮೇಡಂ ಕೈಯಲ್ಲಿತ್ತು. ಪ್ರೋಟೀನುಗಳು ಅಂಟಿಕೊಳ್ಳದಿದ್ದರೇನು, ಅವನ ತುಟಿಗಳು ಬಿಡಿಸಲಾಗದಂತೆ ಅಂಟಿಕೊಂಡವು.