ಸರ್ವೇಯರ್ ಹಾಲೇಶನ ಯಂತ್ರತೊಟ್ಟಿಲ ಕಾಳಗ

ಹುಟ್ಟಿದ ಐದನೆಯ ದಿನ ಬಾಣಂತಿಯ ಕೋಣೆಗೆ ಯಾರ ಕಣ್ಣಿಗೂ ಬೀಳದಂತೆ ಬಂದು, ಹಸುಗೂಸಿನ ಹಣೆಯ ಮೇಲೆ ಯಾರೂ ಓದಲಾರದ ಅಕ್ಷರಗಳನ್ನು ಬರೆದು ಹೋಗುವ ಮಹಾತಾಯಿಗೆ ಮೊದಲು ವಂದಿಸಿ. ತೊಟ್ಟಿಲ ಹಗ್ಗಕ್ಕೂ, ಹಗ್ಗ ಹಿಡಿದ ತೋಳಿಗೂ, ಆ ತೋಳು ಸೋತಾಗ ಬಂದು ಕೈಜೋಡಿಸುವ ನೆರೆಮನೆಯವರಿಗೂ ಆಮೇಲೆ ವಂದಿಸಿ. ಗಾಜಿನ ಮೇಲೆ ಬೆರಳೊತ್ತಿದ ಮಾತ್ರಕ್ಕೆ ಬೇಕಾದದ್ದು ಒಂದು, ಬೇಡದ್ದು ಒಂಬತ್ತು, ಮೂರನೆಯ ದಿನ ರಟ್ಟಿನ ಪೆಟ್ಟಿಗೆಯಲ್ಲಿ ಬಾಗಿಲಿಗೆ ಬಂದು ಬೀಳುವ ಈ ವಿಚಿತ್ರ ಯುಗದಲ್ಲಿ, ಮಂಡಕ್ಕಿ ಭಟ್ಟಿಗಳ ಹೊಗೆಯಿಂದ ನಿತ್ಯಧೂಪಿತವಾದ ದಾವಣಗೆರೆಯೆಂಬ ಪಟ್ಟಣದೊಳಗೆ, ಎರಡನೆಯ ಮಹಡಿಯ ಬಾಡಿಗೆ ಮನೆಯೊಂದರಲ್ಲಿ ನಡೆದ ಘೋರಸಂಗ್ರಾಮದ ಕಥೆಯನ್ನು ಹೇಳುತ್ತೇನೆ. ಸಾವಧಾನದಿಂದ ಕೇಳಬೇಕು, ಒಳಗೆ ಕೂಸು ಮಲಗಿದ್ದರೆ ಇನ್ನೂ ಸಾವಧಾನದಿಂದ.

ವೀರನ ಹೆಸರು ಹಾಲೇಶ. ತಾಲ್ಲೂಕು ಕಚೇರಿಯ ಸರ್ವೇಯರ್. ಒಂದೇ ತಾಯಿಯ ಮಕ್ಕಳು ಕುಡುಗೋಲು ಹಿಡಿದು ಎದುರುಬದುರು ನಿಂತ ಬದುವಿನ ಮೇಲೆ ಅಳತೆಯ ಟೇಪೊಂದನ್ನೇ ಹಿಡಿದು ನಡೆದುಹೋದ ಧೀರ. ಹಳ್ಳ ದಾರಿ ಬದಲಿಸಿ ನುಂಗಿಹಾಕಿದ್ದ ಎಲ್ಲೆಗಲ್ಲನ್ನು ಮೂರು ಮೊಳ ಮಣ್ಣಿನಡಿಯಿಂದ ಎತ್ತಿ ತೋರಿಸಿದ ಭೂಗರ್ಭಭೇದಿ. ಎಕರೆಗುಂಟೆಗಳ ಗುಟ್ಟನ್ನೆಲ್ಲ ಅರಿತ ಗಣಿತಕೇಸರಿ. ಇಂಥವನ ಮಡದಿ ಶಿವಗಂಗಾ, ಏಳು ತಿಂಗಳು ತುಂಬುತ್ತಲೇ ಸೀಮಂತದ ಹಸಿರು ಬಳೆ ತೊಟ್ಟು, ಹೆರಿಗೆಗೆಂದು ತವರೂರಾದ ಜಗಳೂರಿಗೆ ಹೊರಟುಹೋದಳು. ಮನೆಯಲ್ಲಿ ಹಾಲೇಶನೂ ಅವನ ಟೇಪೂ ಉಳಿದರು.

ಹೆಣ್ಣುಮಗು ಹುಟ್ಟಿತು. ಸಿಂಚನಾ ಎಂದು ಹೆಸರಿಟ್ಟರು. ಪ್ರತಿ ಭಾನುವಾರ ಹಾಲೇಶನು ಬೆಳಗಿನ ಬಸ್ಸಿಗೆ ಜಗಳೂರಿಗೆ ಹೋಗುವನು. ಅಲ್ಲಿ ಅವನ ಅತ್ತೆ ಕೊಟ್ರಮ್ಮ, ಐದು ಹೆತ್ತು ಇಪ್ಪತ್ತು ಕೂಸುಗಳಿಗೆ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ ಸಿದ್ಧಹಸ್ತೆ, ಮಗುವನ್ನು ತಂದು ಅವನ ಕೈಗಿಡುವಳು. ಮಗು ಅವನ ಮೀಸೆಯನ್ನು ನೋಡುವುದು; ತುಟಿ ಮಡಚುವುದು; ಓಣಿ ಕೇಳುವಂತೆ ಅಳುವುದು. ಕೊಟ್ರಮ್ಮ ಒಂದೇ ಕೈಯಿಂದ ಅದನ್ನು ವಾಪಸು ತೆಗೆದುಕೊಳ್ಳುವಳು, ಅಳು ಅಲ್ಲಿಗೇ ನಿಲ್ಲುವುದು. ಆಮೇಲೆ ಅಳಿಯನಿಗೆ ಹೋಳಿಗೆ ಬಡಿಸುವರು, ಬಸ್ಸಿಗೆ ಹೊತ್ತಾಯಿತೆಂದು ನೆನಪಿಸುವರು. ಎಲ್ಲರೂ ಅವನನ್ನು ಚೆನ್ನಾಗಿ ನೋಡಿಕೊಂಡರು; ಯಾರೂ ಅವನಿಗೊಂದು ಕೆಲಸ ಹೇಳಲಿಲ್ಲ.

ಕೆಲಸವಿಲ್ಲದ ತಂದೆಯ ದುಃಖವನ್ನು ಯಾವ ಕವಿಯೂ ಬಣ್ಣಿಸಿಲ್ಲವಾದ್ದರಿಂದ ನಾನೂ ಬಣ್ಣಿಸಲಾರೆ. ಮಗಳಿಗೆಂದು ಏನನ್ನಾದರೂ ಮಾಡಬೇಕು ಎಂಬುದೊಂದೇ ಅವನ ಎದೆಯೊಳಗೆ ಉರಿಯುತ್ತಿತ್ತು, ಮಾಡಲಿಕ್ಕೆ ಏನೂ ಇರಲಿಲ್ಲ, ಆದ್ದರಿಂದ ಕೊಂಡನು. ಮೊಬೈಲಿನ ಜಾಹೀರಾತಿನಲ್ಲಿ ಯಾರೋ ಒಬ್ಬಳು ನಗುತ್ತ, ಇದಿಲ್ಲದೆ ಮಗುವನ್ನು ಮನೆಗೆ ತರುವುದುಂಟೇ ಎಂದು ಕೇಳುವಳು. ಅವನು ಬೆಚ್ಚಿ ಒತ್ತುವನು.

ಹೀಗೆ ಕೂಡಿದ ಸೇನೆಯ ವಿವರವನ್ನು ಕೇಳಿರಿ. ಕಾಲೂರಿ ನಿಲ್ಲಲಾರದ ಪಾದಗಳಿಗೆಂದು ಲಾಡಿಯುಳ್ಳ ಬೂಟುಗಳು, ನಾಲ್ಕು ಜೊತೆ. ಅಂಬೆಗಾಲಿಡುವಾಗ ಮಂಡಿ ತರಚದಿರಲೆಂದು ಮಂಡಿಕವಚ. ಸ್ನಾನದ ನೀರಿನಲ್ಲಿ ತೇಲುತ್ತ ಅದರ ಬಿಸಿಯನ್ನು ಅಂಕೆಯಲ್ಲಿ ಹೇಳುವ ಬಾತುಕೋಳಿ. ಕೂಸಿನ ಅಳುವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಮುಟ್ಟಿಸುವ ಮಾನಿಟರ್; ಆ ಮನೆಯಲ್ಲಾದರೋ ಇದ್ದದ್ದು ಒಂದು ಹಾಲ್, ಒಂದು ಕೋಣೆ, ಕೆಮ್ಮಿದರೆ ಪಕ್ಕದ ಮನೆಯವರು ನೀರು ಕುಡಿಯಿರೆನ್ನುವಷ್ಟು ತೆಳು ಗೋಡೆ. ಚತುಶ್ಚಕ್ರಭೂಷಿತವಾದ ತಳ್ಳುಗಾಡಿ. ಒದ್ದೆ ಟಿಶ್ಯೂಗಳು ತಣ್ಣಗಾಗದಂತೆ ಕಾಯುವ ವಿದ್ಯುತ್ ಪೆಟ್ಟಿಗೆ. ಇವೆಲ್ಲಕ್ಕೂ ಸೇನಾಪತಿಯಾಗಿ, ಬಾಗಿಲ ಹಿಂದೆ ಆಳೆತ್ತರದ ಪೆಟ್ಟಿಗೆಯೊಳಗೆ ಬಿಡಿಬಿಡಿಯಾಗಿ ಮಲಗಿದ್ದದ್ದು ಯಂತ್ರತೊಟ್ಟಿಲು: ಅಳುವನ್ನು ತಾನೇ ಗುರುತಿಸುವಂಥದ್ದು, ತಾನೇ ತೂಗಿಕೊಳ್ಳುವಂಥದ್ದು, ಹನ್ನೆರಡು ರಾಗದಲ್ಲಿ ಹಾಡುವಂಥದ್ದು. ಅದನ್ನು ಮಾತ್ರ ಅವನು ಬಿಚ್ಚಲಿಲ್ಲ. ಮಗಳ ಕಣ್ಣೆದುರಿಗೇ ಜೋಡಿಸಬೇಕೆಂಬುದು ಅವನ ಆಸೆ.

ಐದು ತಿಂಗಳ ಬಾಣಂತನ ಮುಗಿದು, ಏಪ್ರಿಲ್ ತಿಂಗಳ ಒಂದು ಭಾನುವಾರ ತಾಯಿ, ಮಗಳು, ಮೊಮ್ಮಗಳು ಮೂವರೂ ಕಾರಿನಿಂದಿಳಿದು ಮೆಟ್ಟಿಲೇರಿ ಬಂದರು. ಕೊಟ್ರಮ್ಮನ ಕಂಕುಳಲ್ಲಿದ್ದದ್ದು ಒಂದೇ ಗಂಟು: ಹಳೆಯ ಹತ್ತಿ ಸೀರೆ ಎರಡು, ಗಂಡನ ಪಂಚೆ ಹರಿದು ಮಾಡಿದ ಬಟ್ಟೆಗಳು, ಬಜೆ ಬೇರು, ಅದನ್ನು ತೇಯುವ ಕಲ್ಲು. ಶಿವಗಂಗಾ ಬಾಗಿಲಲ್ಲಿ ನಿಂತು ಮನೆಯನ್ನು ಒಂದು ಸುತ್ತು ನೋಡಿ, ಮಗುವನ್ನು ಎಲ್ಲಿ ಇಳಿಸಲಿ ಎಂದು ಕೇಳಿದಳು. ನಿಜಕ್ಕೂ ಜಾಗವಿರಲಿಲ್ಲ.

ಮುಂದಿನ ಆರು ದಿನಗಳಲ್ಲಿ ಆ ಮಹಾಸೇನೆ ಉರುಳಿದ ಬಗೆಯನ್ನು ಹೇಳುವಾಗ ನನ್ನ ನಾಲಿಗೆ ತೊದಲುತ್ತದೆ. ಬೂಟುಗಳು ಒಂದು ತಿಂಗಳ ಕೂಸಿನವು, ಹೆಬ್ಬೆರಳಿನಿಂದಾಚೆ ಹೋಗಲಿಲ್ಲ. ಬಾತುಕೋಳಿಯು ನೀರು ಬಿಸಿಯೆಂದು ಕೆಂಪಾಗಿ ಮಿನುಗಿತು, ಕೊಟ್ರಮ್ಮ ಮೊಣಕೈ ಅದ್ದಿ ನೋಡಿ, ಹದವಾಗೇ ಐತಿ ಎಂದು ಕೋಳಿಯನ್ನು ಬದಿಗಿಟ್ಟು, ಕಾಲು ಚಾಚಿ ಕೂತು ನೀರು ಹಾಕಿದಳು, ಮಗು ಆಕಳಿಸಿತು. ಟಿಶ್ಯೂ ಬೆಚ್ಚಗಿಡುವ ಪೆಟ್ಟಿಗೆಯನ್ನು ಹಾಲೇಶನು ಅಭಿಮಾನದಿಂದ ತೋರಿಸಿದಾಗ ಹೊರಗೆ ಡಾಂಬರು ಕರಗುತ್ತಿತ್ತು. ಶಿವಗಂಗಾ ಅದರ ಮುಚ್ಚಳ ತೆರೆದು, ಮುಟ್ಟಿ, ಮೆಲ್ಲಗೆ ಹೇಳಿದಳು: “ನಲ್ಲಿ ನೀರೇ ಕುದೀತೈತಲ್ರೀ.” ತಳ್ಳುಗಾಡಿಯನ್ನು ಇಬ್ಬರು ಹೊತ್ತು ಎರಡು ಮಹಡಿ ಇಳಿಸಿದರು, ಮೂರನೆಯವರು ಮಗುವನ್ನು ಹೊತ್ತು ಇಳಿದರು, ಜಲ್ಲಿಕಲ್ಲು ಹರವಿದ ರಸ್ತೆಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಮಗುವಿನ ಕೆನ್ನೆ ಗಡಗಡ ನಡುಗಿ, ಅದು ಅಳಲಿಕ್ಕೂ ಆಗದೆ ಬೆರಗಾಗಿ ನೋಡಿತು. ಅದೇ ಕ್ರಮದಲ್ಲಿ ಎಲ್ಲವನ್ನೂ ಮತ್ತೆ ಹತ್ತಿಸಿದರು.

ಮಗು ಮಲಗುತ್ತಿದ್ದದ್ದು ಕೋಣೆಯ ಕೊಕ್ಕೆಗೆ ಕೊಟ್ರಮ್ಮ ಕಟ್ಟಿದ ಸೀರೆಯ ಜೋಲಿಯಲ್ಲಿ. ಅದೂ ಅವಳೇ ತೂಗಿದರೆ, ಅವಳೇ ಗುನುಗಿದರೆ. ಅಪ್ಪ ತೂಗಲು ಬಂದರೆ ಜೋಲಿಯ ಅಂಚಿನಿಂದ ಎರಡು ಕಣ್ಣು ಇಣುಕುತ್ತಿದ್ದವು, ಮೀಸೆಯನ್ನು ನೋಡುತ್ತಿದ್ದವು, ಉಳಿದದ್ದು ನಿಮಗೆ ಗೊತ್ತಿದೆ.

ಶನಿವಾರ ಮಧ್ಯಾಹ್ನ ಊಟ ಮಾಡುವಾಗ ಕೊಟ್ರಮ್ಮ ತನ್ನ ಚಿಂತೆಯನ್ನು ಹೊರಗಿಟ್ಟಳು. ಬುಧವಾರ ಊರಲ್ಲಿ ಗಂಡನ ಕಣ್ಣಿನ ಆಪರೇಷನ್. ಬಾಣಂತನದ ನೆಪದಲ್ಲಿ ಒಮ್ಮೆ ಮುಂದಕ್ಕೆ ಹಾಕಿದ್ದಾಗಿದೆ. ಆ ಮನುಷ್ಯ ಈಗ ಲೋಟವಿದೆಯೆಂದು ಗಾಳಿಗೆ ಕೈ ಚಾಚುತ್ತಾನೆ. ಸೋಮವಾರ ತಾನು ಹೊರಡಲೇಬೇಕು. ಆದರೆ ತಾನು ಹೋದರೆ ಈ ಮಗುವನ್ನು ಮಲಗಿಸುವವರಾರು? ಶಿವಗಂಗಾ ಒಬ್ಬಳೇ ಎಷ್ಟೆಂದು ಏಗಿಯಾಳು? ಬೇಕಾದರೆ ಇನ್ನೊಮ್ಮೆ ಮುಂದಕ್ಕೆ ಹಾಕಿಸುತ್ತೇನೆ ಎಂದಳು. ಶಿವಗಂಗಾ ತಾಯಿಯ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಒಬ್ಬಳೇ ಏಗಿಯಾಳೇ ಎಂಬ ಆ ಮಾತಿನೊಳಗೆ ತಾನು ಎಲ್ಲೂ ಇಲ್ಲವೆಂಬುದು ಹಾಲೇಶನಿಗೆ ಕೇಳಿಸಿತು.

ಆಗ ಆ ಬದುವಿಜಯನು ತುತ್ತನ್ನು ಕೆಳಗಿಟ್ಟು ನುಡಿದನು: “ಜಗಳೂರುಪುರವಾಸಿನಿಯಾದ ಪೂಜ್ಯಳೇ, ಕೇಳು. ನಾಳಿನ ಸೂರ್ಯನು ಪಡುವಣದ ನೀರಿನ ಟ್ಯಾಂಕಿನ ಹಿಂದೆ ಮರೆಯಾಗುವುದರೊಳಗೆ, ನನ್ನ ಕುವರಿಯನ್ನು ನಾನೇ, ನನ್ನ ಕೈಯಾರೆ ಕಟ್ಟಿದ ಯಂತ್ರದಲ್ಲಿ, ಸುಖನಿದ್ರೆಯ ಕಡಲಿಗೆ ತೇಲಿಬಿಡದಿದ್ದರೆ, ಈ ಭೂಮಂಡಲದಲ್ಲಿ ಇನ್ನೆಂದೂ ಟೇಪು ಮುಟ್ಟೆನು.” ಇದು ಕಥೆಯ ಗೌರವಕ್ಕಾಗಿ ನಾನು ಹೊಂದಿಸಿದ್ದು. ಅವನು ನಿಜವಾಗಿ ಆಡಿದ್ದು ಇಷ್ಟು: “ಅತ್ತೆ, ನೀವೇನು ಚಿಂತಿ ಮಾಡ್ಬ್ಯಾಡ್ರಿ. ನಾಳೆ ಅದನ್ನ ಜೋಡಿಸ್ತೀನಿ.”

ಭಾನುವಾರ ಎರಡು ಗಂಟೆಗೆ ಪೆಟ್ಟಿಗೆ ಬಿಚ್ಚಿಕೊಂಡಿತು. ನಲವತ್ತೆರಡು ಬಿಡಿಭಾಗ, ಮೂವತ್ತಾರು ಸ್ಕ್ರೂ, ಒಂದು ಬಾಗಿದ ಕಬ್ಬಿಣದ ಕಡ್ಡಿ, ಮತ್ತು ಅಕ್ಷರವೇ ಇಲ್ಲದ, ಬರೀ ಬೋಳುತಲೆಯ ಗೊಂಬೆಯೊಂದು ನಗುತ್ತ ಸ್ಕ್ರೂ ತಿರುಗಿಸುವ ಚಿತ್ರಗಳ ಪುಸ್ತಕ. ಬನಿಯನ್ನು ತೊಟ್ಟ ವೀರನು ಹಾಲಿನ ನಡುವೆ ಮಂಡಿಯೂರಿದನು. ಎಡಗಾಲೆಂದು ಜೋಡಿಸಿದ್ದು ಬಲಗಾಲಾಯಿತು, ಬಿಚ್ಚಿದನು. ತಲೆಯ ಕಡೆಯೆಂದು ಬಗೆದದ್ದು ಕಾಲ ಕಡೆಯಾಗಿತ್ತು, ಮತ್ತೆ ಬಿಚ್ಚಿದನು. ಸ್ಕ್ರೂವೊಂದು ಪಲಾಯನಗೈದು ಫ್ರಿಜ್ಜಿನಡಿ ಅಡಗಿತು. ನೆಲಕ್ಕೆ ಕೆನ್ನೆಯಿಟ್ಟು, ಪೊರಕೆಯ ಕಡ್ಡಿಯಿಂದ ಅದನ್ನು ಸೆರೆಹಿಡಿದನು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ಬೋಳುತಲೆಯವನ ನಗೆಯನ್ನು ಅಳಿಸಿಹಾಕಿತು. ಶಿವಗಂಗಾ ಮಜ್ಜಿಗೆ ತಂದಿಟ್ಟು, ನಾನೊಂದು ಕಡೆ ಹಿಡಿಯಲೇ ಎಂದು ಕೇಳಿದಳು. ಬೇಡವೆಂದನು. ನಾಲ್ಕೂವರೆಗೆ, ನಾಲ್ಕು ಸ್ಕ್ರೂ ಏಕೆ ಉಳಿದವೆಂಬ ಪ್ರಶ್ನೆಯನ್ನು ಜೇಬಿಗೆ ಹಾಕಿಕೊಂಡು, ಯಂತ್ರತೊಟ್ಟಿಲನ್ನು ಎತ್ತಿ ನಿಲ್ಲಿಸಿ, ಕೋಣೆಯ ಕಡೆಗೆ ನೂಕಿದನು.

ಅದು ಬಾಗಿಲಲ್ಲಿ ನಿಂತಿತು. ಓರೆ ಮಾಡಿದನು, ನಿಂತಿತು. ಹಿಂದುಮುಂದು ಮಾಡಿದನು, ಆಗಲೂ ನಿಂತಿತು. ಕೊನೆಗೆ ಟೇಪು ತಂದು ಹಿಡಿದನು. ತೊಟ್ಟಿಲು ಮೂವತ್ತಾರು ಅಂಗುಲ, ಬಾಗಿಲು ಮೂವತ್ತು. ನಾಲ್ಕು ಹೋಬಳಿಗಳ ಹೊಲಗದ್ದೆಗಳನ್ನು ಅಂಗುಲ ಬಿಡದೆ ಅಳೆದವನು ತನ್ನ ಮನೆಯ ಬಾಗಿಲನ್ನು ಈ ಮೂರು ವರ್ಷಗಳಲ್ಲಿ ಒಮ್ಮೆಯೂ ಅಳೆದಿರಲಿಲ್ಲ. ಶಿವಗಂಗಾ ನಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮಗುವನ್ನು ಅವನ ಪಕ್ಕದ ಚಾಪೆಯ ಮೇಲೆ ಮಲಗಿಸಿ, ಬಟ್ಟೆ ನೆನೆಹಾಕಿದ್ದೇನೆಂದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಕೊಟ್ರಮ್ಮ ಆಗಲೇ ತಾರಸಿಯ ಮೇಲೆ ಒಣಹಾಕಿದ್ದ ಸಂಡಿಗೆ ಎತ್ತಲು ಹೋಗಿದ್ದಳು.

ಹಾಲೇಶನು ಟಿವಿಯ ವೈರು ಕಿತ್ತು ತೊಟ್ಟಿಲಿನದನ್ನು ಸಿಕ್ಕಿಸಿ, ಹಾಲಿನಲ್ಲೇ ಮಗಳನ್ನು ಅದರೊಳಗೆ ಮಲಗಿಸಿದನು. ಯಂತ್ರವು ಹಸಿರು ಕಣ್ಣು ತೆರೆಯಿತು. ಮೊದಲ ರಾಗ ಮೊಳಗಿತು. ಮಗು ಅತ್ತಿತು. ಯಂತ್ರವು ಅಳುವನ್ನು ಗುರುತಿಸಿ ವೇಗ ಹೆಚ್ಚಿಸಿತು. ಮಗು ಹೆದರಿ ಇನ್ನೂ ಅತ್ತಿತು. ಯಂತ್ರವೂ ಕರ್ತವ್ಯನಿಷ್ಠೆಯಿಂದ ಇನ್ನೂ ವೇಗವಾಯಿತು. ಹೀಗೆ ಕೂಸೂ ಯಂತ್ರವೂ ಒಂದನ್ನೊಂದು ಮೀರಿಸುತ್ತಿರುವಾಗ, ಹಾಲೇಶನು ಯಾವ ಗುಂಡಿಯೆಂದು ತಡಕಾಡುತ್ತಿರುವಾಗ, ಬೀದಿಗೆ ಬೀದಿಯೇ ಕರೆಂಟು ಹೋಯಿತು. ಫ್ಯಾನು ನಿಂತಿತು. ತೊಟ್ಟಿಲು ಒಂದು ಬದಿಗೆ ವಾಲಿದಲ್ಲೇ ನಿಂತಿತು. ಮಗು ಮಾತ್ರ ನಿಲ್ಲಲಿಲ್ಲ.

ಅವನು ಬಚ್ಚಲ ಕಡೆ ನೋಡಿದನು, ನಲ್ಲಿಯ ಸದ್ದು. ಮೇಲೆ ನೋಡಿದನು, ತಾರಸಿಯ ಮೇಲೆ ಹೆಜ್ಜೆಯ ಸದ್ದು. ಎತ್ತಿಕೊಂಡರೆ ವಾಪಸು ತೆಗೆದುಕೊಳ್ಳಲು ಯಾರೂ ಇರಲಿಲ್ಲ. ಎತ್ತಿಕೊಂಡನು. ಮೀಸೆ ಕಾಣದಿರಲೆಂದು ಹೆಗಲಿಗೆ ಹಾಕಿಕೊಂಡನು. ಬೆವರಿದ ಬೆನ್ನಿನ ಮೇಲೆ ಪುಟ್ಟ ಮುಷ್ಟಿಗಳು ಬಡಿದವು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದನು. ಏನಾದರೂ ಹಾಡಬೇಕೆಂದು ಬಾಯಿ ತೆರೆದರೆ ಒಂದು ಹಾಡೂ ಬರಲೊಲ್ಲದು. ಬಾಯಿಗೆ ಬಂದದ್ದು, ಹನ್ನೊಂದು ವರ್ಷದಿಂದ ದಿನಾ ಹೇಳಿಕೊಂಡು ಬರೆಯುವ ಚಕ್ಕುಬಂದಿ, ಹೊಲದ ನಾಲ್ಕು ದಿಕ್ಕಿನ ಎಲ್ಲೆ.

“ಸರ್ವೆ ನಂಬರ್ ನಲವತ್ತೇಳು,” ಎಂದನು ಮಗಳ ಕಿವಿಯಲ್ಲಿ. “ಪೂರ್ವಕ್ಕೆ ಕರಿಬಸಪ್ಪನ ಜಮೀನು. ಪಶ್ಚಿಮಕ್ಕೆ ಸರ್ಕಾರಿ ಹಳ್ಳ. ಉತ್ತರಕ್ಕೆ ಬಂಡಿದಾರಿ. ದಕ್ಷಿಣಕ್ಕೆ ಹುಣಸೆಮರ, ಅದರಾಚೆ ಗೋಮಾಳ.”

ಅಳು ಒಂದು ಬಿಕ್ಕು ತಡೆದು ಕೇಳಿತು. ನಲವತ್ತೆಂಟನ್ನು ಹೇಳಿದನು. ಅದಕ್ಕೆ ಪೂರ್ವದಲ್ಲಿ ಕೆರೆಯ ಕೋಡಿ. ನಲವತ್ತೊಂಬತ್ತು ಎರಡು ಪಾಲಾಗಿ ಪೋಡಿಯಾಗಿತ್ತು, ಎರಡನ್ನೂ ಹೇಳಿದನು. ಐವತ್ತಮೂರರ ಹೊತ್ತಿಗೆ ಮುಷ್ಟಿಗಳು ಬಿಚ್ಚಿಕೊಂಡವು. ಐವತ್ತೇಳರಲ್ಲಿ, ಉತ್ತರದ ಎಲ್ಲೆ ಹೇಳುತ್ತಿರುವಾಗ, ಹೆಗಲ ಮೇಲಿನ ಭಾರ ಒಮ್ಮೆಲೇ ಹೆಚ್ಚಾಯಿತು; ಕತ್ತಿನ ಪಕ್ಕದಲ್ಲಿ ಬೆಚ್ಚಗೆ, ಒದ್ದೆಯಾಗಿ, ಉಸಿರು. ಹಾಲೇಶನು ನಡುಹಾಲಿನಲ್ಲಿ ಎಲ್ಲೆಗಲ್ಲಿನ ಹಾಗೆ ನಿಂತುಬಿಟ್ಟನು.

ಕೊಟ್ರಮ್ಮ ಸಂಡಿಗೆಯ ಮೊರ ಹಿಡಿದು ಇಳಿದು ಬಂದವಳು ಬಾಗಿಲಲ್ಲೇ ನಿಂತಳು. ವಾಲಿದ ತೊಟ್ಟಿಲನ್ನು ನೋಡಿದಳು, ಅಳಿಯನನ್ನು ನೋಡಿದಳು. ಮೊರವನ್ನು ಸದ್ದಾಗದಂತೆ ಕೆಳಗಿಟ್ಟು, ರೂಢಿಯಂತೆ ಕೈ ಚಾಚಿದಳು. ಅವನು ಬೇಡವೆಂದು ತಲೆಯಾಡಿಸಿದನು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಪಿಸುದನಿಯಲ್ಲಿ ಹೇಳಿದಳು: “ನಾಳೆ ಮೊದಲ್ನೇ ಬಸ್ಸಿಗೇ ಹೊಂಡ್ತೀನಿ ಹಂಗಾದ್ರೆ, ಅಳಿಯಂದ್ರೇ.”

ಅಷ್ಟರಲ್ಲಿ ಕರೆಂಟು ಬಂತು. ಬರಿದಾದ ಯಂತ್ರತೊಟ್ಟಿಲು ಹಸಿರು ಕಣ್ಣು ತೆರೆದು, ಯಾರೂ ಇಲ್ಲದಿದ್ದರೂ ಎಡಕ್ಕೂ ಬಲಕ್ಕೂ ಓಲಾಡುತ್ತ, ಎರಡನೆಯ ರಾಗವನ್ನು ಸರ್ವಶಕ್ತಿಯಿಂದ ಮೊಳಗಿಸತೊಡಗಿತು. ಹೆಗಲ ಮೇಲೆ ಒಂದು ರೆಪ್ಪೆ ಅಲುಗಿತು. ಆಗ ಸಮರಸನ್ನದ್ಧನೂ, ಶಿಶುಭಾರವಿನಮ್ರನೂ, ಉಭಯಹಸ್ತನಿರುದ್ಧನೂ ಆದ ಆ ಹಾಲೇಶ ಮಹಾರಾಯನು, ಉಸಿರು ಬಿಗಿಹಿಡಿದು, ಅತ್ತೆ ನೋಡುತ್ತಿರುವಂತೆ, ಗೋಡೆಗೆ ಬೆನ್ನು ಆನಿಸಿ, ಬಲಗಾಲನ್ನು ಮೆಲ್ಲಮೆಲ್ಲಗೆ ಮೇಲಕ್ಕೆತ್ತಿ, ಮಂಡಿಯೆತ್ತರದ ಬೋರ್ಡಿನತ್ತ ಗುರಿಯಿಟ್ಟು, ಹೆಬ್ಬೆರಳಿನಿಂದ ಸ್ವಿಚ್ ಆಫ್ ಮಾಡಿದನು.