ಇಕ್ಬಾಲ್ ಸಾಹೇಬರ ಹಕ್ಕಿಗೆ ನಾಲ್ಕು ಮತ

ನಮ್ಮ ಕಡೆಯವರಿಗೆ ಮುಖದ ಮೇಲೆ ‘ಇಲ್ಲ’ ಅನ್ನಲು ಬರುವುದಿಲ್ಲ. ಮದುವೆಗೆ ಹೋಗುವುದಿಲ್ಲವೆಂದು ಗೊತ್ತಿದ್ದರೂ ‘ನೋಡುವ’ ಅನ್ನುತ್ತೇವೆ. ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೂ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇವೆ. ಈ ದಾಕ್ಷಿಣ್ಯ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಸಿಟ್ಟಿನ ಬಗ್ಗೆ ಹೆಂಡತಿಗೆ ಬೇರೆಯೇ ಅಭಿಪ್ರಾಯವಿದೆ. ಅದು ಇಲ್ಲಿ ಬೇಡ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಕ್ಕಿ ನೋಡುವವರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ಯಾರಾದರೂ ಅಪರೂಪದ ಹಕ್ಕಿ ಕಂಡೆ ಎಂದರೆ ನಿಜವೋ ಅಲ್ಲವೋ ಎಂದು ತೀರ್ಮಾನಿಸಲು ಐದು ಜನರ ಸಮಿತಿ, ಅದರಲ್ಲಿ ನಾನೂ ಒಬ್ಬ. ಕಂಡವರು ಸಮಿತಿಯವರೇ ಆದರೆ ಅವರಿಗೆ ಮತವಿಲ್ಲ. ಉಳಿದ ನಾಲ್ವರೂ ಒಪ್ಪಬೇಕು. ಮೊದಲೆಲ್ಲ ಸುಮ್ಮನಿದ್ದವರನ್ನು ಒಪ್ಪಿದವರೆಂದೇ ಎಣಿಸುತ್ತಿದ್ದೆವು. ಹಾಗಾಗಿ ಒಬ್ಬರು ಕಂಡ ‘ಸೈಬೀರಿಯಾದ ಹೆಬ್ಬಾತು’ ಸಲೀಸಾಗಿ ಪಾಸಾಯಿತು. ಅದರ ಕಾಲಿನಲ್ಲಿ ಹಸಿರು ಪ್ಲಾಸ್ಟಿಕ್ ದಾರವಿತ್ತು. ಫೋಟೊದಲ್ಲಿ ಎಲ್ಲರಿಗೂ ಕಂಡಿತ್ತು, ಯಾರೂ ಬಾಯಿ ಬಿಡಲಿಲ್ಲ. ವಾರದ ಮೇಲೆ ಅದರ ಯಜಮಾನ ಬಂದು ಕಂಕುಳಲ್ಲಿ ಎತ್ತಿಕೊಂಡು ಹೋದ.

ಅವತ್ತು ಸಿಟ್ಟು ನೆತ್ತಿಗೇರಿ ನಾನೇ ಕೂತು ಹೊಸ ನಿಯಮ ಬರೆದೆ. ಮತ ಗುಟ್ಟಾಗಿರಬೇಕು. ಫೋನಿಗೆ ಬರುವ ಫಾರಂನಲ್ಲೇ ಹತ್ತು ದಿನದೊಳಗೆ ಹಾಕಬೇಕು. ವಾಟ್ಸಾಪ್ ಗುಂಪಿನಲ್ಲಿ ಆಡಿದ ಮಾತು ಮತವಲ್ಲ. ಹಾಕದವರದ್ದು ‘ಬೇಡ’ ಎಂದೇ ಲೆಕ್ಕ. ಒಮ್ಮೆ ಬಿದ್ದುಹೋದ ಹಕ್ಕಿಯನ್ನು ಹೊಸ ಸಾಕ್ಷಿಯಿಲ್ಲದೆ ಮತ್ತೆ ತರುವಂತಿಲ್ಲ. ಎಲ್ಲರೂ ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ?

ಹೀಗಿರುವಾಗ ಇಕ್ಬಾಲ್ ಸಾಹೇಬರಿಗೆ ಆ ಹಕ್ಕಿ ಕಂಡಿತು. ಕೊಪ್ಪದಲ್ಲಿ ಕೊಡೆ, ಟಾರ್ಪಾಲಿನ ಅಂಗಡಿ ಇಟ್ಟವರು, ನಮ್ಮ ಸಮಿತಿಯ ಸದಸ್ಯರು. ಹದಿನೈದು ವರ್ಷ ಭಾನುವಾರ ಬಿಡದೆ ತಿರುಗಿದ್ದರೂ ಅವರ ಹೆಸರಿನಲ್ಲಿ ಒಂದೇ ಒಂದು ಅಪರೂಪದ ಹಕ್ಕಿ ಇರಲಿಲ್ಲ. ಈಗ ನರಸಿಂಹರಾಜಪುರದ ಹಿನ್ನೀರಿನಲ್ಲಿ ಸ್ಕಿಮ್ಮರ್! ಉತ್ತರದ ದೊಡ್ಡ ನದಿಗಳ ಹಕ್ಕಿ ಅದು; ಕೆಳಗಿನ ಕೊಕ್ಕು ಉದ್ದ, ಅದರಿಂದ ನೀರು ಸೀಳುತ್ತ ಹಾರುತ್ತದೆ. ಫೋಟೊ ಮಸುಕು, ಕೊಕ್ಕು ಮಾತ್ರ ಸ್ಪಷ್ಟ. ನಮ್ಮ ಕಡೆ ಕಂಡ ಹಕ್ಕಿಗಳ ಬಗ್ಗೆ ಬಳಗ ತರುತ್ತಿದ್ದ ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. ‘ಅದರಲ್ಲಿ ನನ್ನ ಹೆಸರು ಒಂದು ಸಾಲು ಬಂದ್ರೆ ಸಾಕು ಸರ್. ಮನೇಲಿ ಮಗಳು, ಅಬ್ಬಾ ನೋಡಿದ್ದು ಕೊಕ್ಕರೆ ಅಂತ ನಗಾಡ್ತಾಳೆ’ ಎಂದರು.

ಆ ಹತ್ತು ದಿನ ನಾನು ಸುಮ್ಮನೆ ಕೂರಲಿಲ್ಲ. ಗುಂಪಿನಲ್ಲಿ ಕೊಕ್ಕಿನ ಬಗ್ಗೆ ಬರೆದೆ, ರೆಕ್ಕೆಯ ಬಗ್ಗೆ ಬರೆದೆ, ಅನುಮಾನ ಪಟ್ಟವರ ಕಣ್ಣಿನ ಬಗ್ಗೆಯೂ ಬರೆದೆ. ಸಮಿತಿಯಲ್ಲಿರುವ, ಕೊಪ್ಪದ ಹತ್ತಿರದ ನಾರ್ವೆ ಊರಿನ ಸುಧಾಕರ, ‘ಇದು ನಮ್ಮ ಹಿನ್ನೀರಿನ ಮಾಮೂಲಿ ರೀವ ಹಕ್ಕಿ ಅಲ್ವನಾ ಮಾರಾಯ್ರೆ?’ ಎಂದು ಕೇಳಿದ. ‘ನೀನು ಮೊದಲು ಕನ್ನಡಕ ಬದಲಿಸು’ ಎಂದೆ. ಶೃಂಗೇರಿಯ ಇಬ್ಬರು ಸದಸ್ಯರಿಗೆ ದಿನಾ ಫೋನ್ ಮಾಡಿ ಪ್ರಾಣ ತಿಂದೆ. ಹನ್ನೊಂದನೆಯ ದಿನ ಫಲಿತಾಂಶ ಬಂತು. ಮೂರು ಹೌದು, ಒಂದು ಬೇಡ. ಹಕ್ಕಿ ಬಿತ್ತು.

ನಾನು ಕೆಂಡವಾದೆ. ಸುಧಾಕರನಿಗೆ ಫೋನ್ ಹಚ್ಚಿ, ಹದಿನೈದು ವರ್ಷ ಕಾದವನ ಹೊಟ್ಟೆ ಮೇಲೆ ಹೊಡೆದೆಯಲ್ಲೋ ಎಂದು ಬೈದೆ. ‘ನಾನು ಹೌದು ಅಂತ್ಲೇ ಹಾಕಿದ್ದು’ ಎಂದ. ಸುಳ್ಳು ಬೇರೆ ಹೇಳುತ್ತಾನೆಂದು ಇನ್ನಷ್ಟು ಬೈದೆ. ಸಾಹೇಬರ ಅಂಗಡಿಗೆ ಹೋಗಿ ಗಿರಾಕಿಗಳ ಎದುರೇ ಕೂಗಾಡಿದೆ. ಅಲ್ಲಿಂದ ನೇರ ಬಾಳಗಡಿಗೆ, ಮತ ಎಣಿಸುವ ಕಾರ್ಯದರ್ಶಿ ವಸಂತಿ ಮೇಡಂ ಮನೆಗೆ.

‘ಆ ಅಯೋಗ್ಯ ಯಾರು, ಹೇಳಿ.’

‘ಎಂತ ಸರ್, ಮತ ಗುಟ್ಟು ಅಂತ ಬರೆದವರೇ ನೀವು’ ಎಂದರು. ಆಮೇಲೆ, ‘ಬೇಡ ಅಂತ ಯಾರೂ ಹಾಕ್ಲಿಲ್ಲ. ಒಬ್ರ ಫಾರಂ ಬರ್ಲೇ ಇಲ್ಲ. ಎರಡು ಸಲ ನೆನಪು ಮಾಡಿದ್ದೆ’ ಎಂದರು.

‘ಯಾರದ್ದು?’

ಅವರು ನನ್ನ ಮುಖ ನೋಡಿ, ಕಾಫಿ ತರುತ್ತೇನೆಂದು ಒಳಗೆ ಹೋದರು. ನಾನು ಫೋನ್ ತೆಗೆದು ನೋಡಿದೆ. ಫಾರಂ ತುಂಬದೆ ಹಾಗೇ ಬಿದ್ದಿತ್ತು. ಕಾಫಿ ಬಂದಾಗ ಅದರಲ್ಲಿ ಸಕ್ಕರೆ ಇತ್ತೋ ಇಲ್ಲವೋ, ದೇವರಿಗೇ ಗೊತ್ತು.

ಪುಸ್ತಕ ಅಚ್ಚಾಗಿ ಬಂತು, ಸ್ಕಿಮ್ಮರ್ ಇಲ್ಲದೆ. ಸುಧಾಕರನಿಗೆ ನಾನಿನ್ನೂ ಫೋನ್ ಮಾಡಿಲ್ಲ. ಇಕ್ಬಾಲ್ ಸಾಹೇಬರು ಎರಡು ಪ್ರತಿ ಕೊಂಡು, ಒಂದನ್ನು ನನ್ನ ಕೈಗಿಟ್ಟು, ‘ನನ್ನ ಹಕ್ಕಿಗೋಸ್ಕರ ಊರೆಲ್ಲ ಜಗಳ ಆಡಿದ್ರಿ ಸರ್. ನೀವೊಬ್ರು ನನ್ನ ಕಡೆ ಇದ್ರಿ, ನನಗೆ ಅಷ್ಟೇ ಸಾಕು’ ಎಂದರು.

ನಿಜ ಹೇಳಲು ಬಾಯಿ ತೆರೆದೆ. ‘ಅಯ್ಯೋ, ಅದಕ್ಕೇನಂತೆ ಸಾಹೇಬ್ರೆ’ ಎಂದು ಪುಸ್ತಕ ತೆಗೆದುಕೊಂಡು ಬಂದೆ.